ಕ್ಯಾಂಪ್‌ಗ್ರೌಂಡ್‌ಗೆ ವರ್ಡ್‌ಪ್ರೆಸ್: ಬರೆದರೆ ಬುಕಿಂಗ್ ಬರುತ್ತದೆಯೇ?

ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್ 2003ರಿಂದ ಇದೆ. ಬರೆದು ಪ್ರಕಟಿಸುವ ಕೆಲಸಕ್ಕೆ ಅದು ಸಾಲುತ್ತದೆಯೇ ಎಂದು ಈಗ ಯಾರೂ ಕೇಳುವುದಿಲ್ಲ. ಟೆಂಟ್ ಜಾಗ, ಕ್ಯಾರವಾನ್ ನಿಲುಗಡೆ, ಒಂದೆರಡು ಕ್ಯಾಬಿನ್ ಇಟ್ಟುಕೊಂಡವರು ಅದರಲ್ಲಿ ಬರೆದು ಅತಿಥಿಗಳನ್ನು ಕರೆತರಬಹುದೇ ಎಂಬುದಷ್ಟೇ ಇಲ್ಲಿನ ವಿಮರ್ಶೆ. ಕರೆತರಬಹುದು. ಆದರೆ ಈ ಸಾಫ್ಟ್‌ವೇರ್ ತಾನಾಗಿ ತೋರಿಸುವ ದಾರಿ ಹಿಡಿದರೆ ಕಷ್ಟ.

ಲಾಗಿನ್ ಆದ ಕೂಡಲೇ ಡ್ಯಾಶ್‌ಬೋರ್ಡ್ ಕೆಳಗೆ ಕಾಣುವುದು ಪೋಸ್ಟ್, ಅಂದರೆ ತಾರೀಖಿನ ಕ್ರಮದಲ್ಲಿ ಸೇರುವ ಬರಹ. ಆ ಪಟ್ಟಿಗೆ ಸೇರದೆ ಸ್ಥಿರವಾಗಿ ನಿಲ್ಲುವ ಪೇಜ್ ಇರುವುದು ಅದಕ್ಕೂ ಕೆಳಗೆ. ಹಾಗಾಗಿ ಹೊಸಬರು ಪೋಸ್ಟ್ ಮೇಲೆ ಪೋಸ್ಟ್ ಹಾಕುತ್ತಾ ಹೋಗುತ್ತಾರೆ: ವಾರಾಂತ್ಯದ ಫೋಟೊ, ಹಬ್ಬದ ಶುಭಾಶಯ, ಹೊಸ ಬೆಂಚು ಹಾಕಿಸಿದ ಸುದ್ದಿ. ತಿಂಗಳೊಳಗೆ ಅವೆಲ್ಲ ಪಟ್ಟಿಯ ತಳ ಸೇರಿರುತ್ತವೆ. ಬರುವ ಓದುಗ ತಾರೀಖಿನ ಪ್ರಕಾರ ಓದುವವನಲ್ಲ. ಕೈಯಲ್ಲಿ ಒಂದು ಪ್ರಶ್ನೆ ಹಿಡಿದು ಗೂಗಲ್‌ನಿಂದ ನೇರ ಒಳಗೆ ಇಳಿಯುತ್ತಾನೆ. ಕಾರು ಟೆಂಟ್ ಪಕ್ಕದವರೆಗೆ ಹೋಗುತ್ತದೆಯೇ, ನಾಯಿ ತರಬಹುದೇ, ಬೆಂಕಿ ಹಾಕಲು ಬಿಡುತ್ತಾರೆಯೇ, ರಾತ್ರಿ ಶೌಚಾಲಯಕ್ಕೆ ಎಷ್ಟು ದೂರ ನಡೆಯಬೇಕು? ಇಂಥ ಪ್ರಶ್ನೆಗಳ ಉತ್ತರ ವರ್ಷವಿಡೀ ಬದಲಾಗುವುದಿಲ್ಲ, ಆದ್ದರಿಂದ ಅವಕ್ಕೆ ಪೇಜ್ ಬೇಕು. ಕಾಲುದಾರಿ ಮುಚ್ಚಿದೆ, ಸೀಸನ್ ಶುರುವಾಯಿತು ಎಂಬಂಥ ಸುದ್ದಿಗೆ ಪೋಸ್ಟ್ ಸಾಕು.

ಎರಡರ ನಡುವೆ ಬರುವ ವಿಷಯಗಳೂ ಇವೆ. ಜೆಮಿನಿಡ್ ಉಲ್ಕಾಪಾತ ಪ್ರತಿವರ್ಷ ಡಿಸೆಂಬರ್ 13-14ರ ಸುಮಾರಿಗೆ ಉತ್ತುಂಗಕ್ಕೆ ಬರುತ್ತದೆ. ಅದಕ್ಕೆ ವರ್ಷಕ್ಕೊಂದು ಹೊಸ ಪೋಸ್ಟ್ ಬರೆದರೆ ಹಳೆಯದು ಗೂಗಲ್‌ನಲ್ಲಿ ಗಳಿಸಿದ ಸ್ಥಾನ ಹೊಸದಕ್ಕೆ ಸಿಗುವುದಿಲ್ಲ. ವಿಳಾಸದಲ್ಲಿ ಇಸವಿ ಇಲ್ಲದ ಒಂದೇ ಪೇಜ್ ಇಟ್ಟು, ಆ ವರ್ಷ ಚಂದ್ರ ಎಷ್ಟು ಹೊತ್ತಿಗೆ ಮುಳುಗುತ್ತಾನೆ, ಯಾವ ಟೆಂಟ್ ಜಾಗದಿಂದ ಆಕಾಶ ತೆರೆದು ಕಾಣುತ್ತದೆ ಎಂಬುದನ್ನು ಮಾತ್ರ ತಿದ್ದುವುದು ಲೇಸು. ತಿದ್ದುವ ಕೆಲಸ ಎರಡು-ಮೂರು ತಿಂಗಳು ಮೊದಲೇ ಆಗಬೇಕು. ಜನ ರಜೆ ಗೊತ್ತುಮಾಡುವುದು ಆಗಲೇ, ಗೂಗಲ್ ಕೂಡ ಹೊಸ ಬರಹವನ್ನು ಅಂದೇ ಎತ್ತಿ ತೋರಿಸುವುದಿಲ್ಲ.

ಇನ್ನು ಬರಹದ ಮಾತು. 'ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ' ಎಂದು ಯಾರು ಬೇಕಾದರೂ ಬರೆಯಬಹುದು. ಅದನ್ನು ಓದಿ ಯಾರೂ ಬುಕ್ ಮಾಡುವುದಿಲ್ಲ. '7ನೇ ಜಾಗ: 5×6 ಮೀಟರ್, ಗಟ್ಟಿ ಮಣ್ಣು, ಬೆಳಗ್ಗೆ 9ರವರೆಗೆ ನೆರಳು, ನಲ್ಲಿಗೆ 40 ಹೆಜ್ಜೆ. ಜೋರು ಮಳೆ ಬಂದರೆ ಎಡಮೂಲೆಯಲ್ಲಿ ನೀರು ನಿಲ್ಲುತ್ತದೆ, ಟೆಂಟನ್ನು ಬಲಕ್ಕೆ ಹಾಕಿ.' ಇಷ್ಟು ಬರೆದವರ ಮಾತು ನಂಬಬಹುದು ಎನಿಸುತ್ತದೆ, ಅದರಲ್ಲೂ ಕೊನೆಯ ವಾಕ್ಯದಿಂದ. ಕೊರತೆ ಮುಚ್ಚಿಟ್ಟರೆ ಅದನ್ನು ಅತಿಥಿಯೇ ರಿವ್ಯೂನಲ್ಲಿ ಬರೆಯುತ್ತಾನೆ, ಇನ್ನೂ ಖಾರವಾಗಿ. ಕ್ಯಾರವಾನ್‌ನವರಿಗೆ ಬೇಕಾದದ್ದು ಬೇರೆ: ಗೇಟಿನ ಅಗಲ, ತಗ್ಗು ಕೊಂಬೆಯ ಎತ್ತರ, ರಿವರ್ಸ್ ತೆಗೆದುಕೊಳ್ಳುವ ತಿರುವು, ವಿದ್ಯುತ್ ಪಾಯಿಂಟ್ ಎಷ್ಟು ಆಂಪಿಯರ್. ಅಳತೆ ಟೇಪ್ ಹಿಡಿದು ಮೈದಾನ ಸುತ್ತಿದರೆ ಅರ್ಧ ದಿನದ ಕೆಲಸ. ಇಂಥ ಮಾಹಿತಿಯನ್ನು ಬರಹ ಸೃಷ್ಟಿಸುವ ಎಐ ಕೊಡಲಾರದು. ಅದರಿಂದ ನೂರಾರು ಪುಟ ಸುರಿದರೆ 2024ರ ಮಾರ್ಚ್‌ನಲ್ಲಿ ಗೂಗಲ್ ತಂದ ನಿಯಮಗಳ ಅಡಿ ಅದು ಸ್ಪ್ಯಾಮ್ ಎನಿಸಿಕೊಳ್ಳುವ ಅಪಾಯವೂ ಉಂಟು.

ಸೆಟಪ್‌ನಲ್ಲಿ ಮೊದಲು ನೋಡಬೇಕಾದವು ಎರಡು. ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗದಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಟಿಕ್ ಬಾಕ್ಸ್ ಇದೆ. ಸೈಟ್ ಕಟ್ಟುವಾಗ ಹಾಕಿದ ಟಿಕ್ ತೆಗೆಯಲು ಡಿಸೈನರ್ ಮರೆತರೆ, ಎಷ್ಟು ಚೆನ್ನಾಗಿ ಬರೆದರೂ ಹುಡುಕಾಟದಲ್ಲಿ ಸಿಗುವುದಿಲ್ಲ. ಎರಡನೆಯದು ಪರ್ಮಾಲಿಂಕ್, ಅಂದರೆ ಪ್ರತಿ ಬರಹದ ಖಾಯಂ ವಿಳಾಸದ ಮಾದರಿ: 'ಪೋಸ್ಟ್ ನೇಮ್' ಆಯ್ಕೆ ಮಾಡಿ ಅದನ್ನು ಮತ್ತೆ ಮುಟ್ಟಬೇಡಿ. ಇಲ್ಲೊಂದು ಕೊಕ್ಕೆ ಇದೆ. ಪ್ರಕಟವಾದ ಪೋಸ್ಟ್‌ನ ವಿಳಾಸ ಬದಲಿಸಿದರೆ ಹಳೆಯ ಲಿಂಕ್ ಒತ್ತಿದವರನ್ನು ವರ್ಡ್‌ಪ್ರೆಸ್ ತಾನೇ ಹೊಸದಕ್ಕೆ ಕಳಿಸುತ್ತದೆ. ಪೇಜ್‌ಗೆ ಈ ಸೌಲಭ್ಯ ಇಲ್ಲ. ಹೋಲುವ ಹೆಸರು ಹುಡುಕಿ ಒಂದು ಊಹೆ ಮಾಡೀತು, ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬದಲಿಸಲೇಬೇಕಾದರೆ ರಿಡೈರೆಕ್ಷನ್ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಹಾಕಿ 301 ಕೊಡಿ, ಅಂದರೆ ಹಳೆಯ ವಿಳಾಸದಿಂದ ಹೊಸದಕ್ಕೆ ಶಾಶ್ವತವಾಗಿ ಕಳಿಸುವ ಸೂಚನೆ. ಸರ್ಚ್ ಎಂಜಿನ್‌ಗಳಿಗೆ ಪುಟಗಳ ಪಟ್ಟಿ ಕೊಡುವ ಸೈಟ್‌ಮ್ಯಾಪ್‌ಗೆ ಪ್ಲಗಿನ್ ಬೇಕಿಲ್ಲ, 5.5ನೇ ಆವೃತ್ತಿಯಿಂದ ಒಳಗೇ ಇದೆ.

ಈ ಉದ್ಯಮದಲ್ಲಿ ಸೈಟ್ ನಿಧಾನವಾಗುವುದು ಬಹುತೇಕ ಫೋಟೊಗಳಿಂದ. ಮೊಬೈಲ್‌ನಲ್ಲಿ ತೆಗೆದ 4000 ಪಿಕ್ಸೆಲ್ ಅಗಲದ ಚಿತ್ರವನ್ನು ಹಾಗೇ ಏರಿಸಿದರೆ ವರ್ಡ್‌ಪ್ರೆಸ್ ಅದನ್ನು 2560ಕ್ಕೆ ಇಳಿಸುತ್ತದೆ ನಿಜ, ಅದೂ ಭಾರವೇ. ಮೊದಲೇ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರ ರೂಪಕ್ಕೆ ಬದಲಿಸಿ, 200 ಕೆಬಿ ಆಸುಪಾಸಿಗೆ ತನ್ನಿ. ಫೈಲ್ ಹೆಸರನ್ನೂ ಏರಿಸುವ ಮೊದಲೇ ಬದಲಿಸಿ, ಆಮೇಲೆ ಶೀರ್ಷಿಕೆ ತಿದ್ದಿದರೂ ಫೈಲ್ ವಿಳಾಸ ಬದಲಾಗದು. ಮುಖಪುಟದಲ್ಲಿ ಐದಾರು ಚಿತ್ರ ತಿರುಗುವ ಸ್ಲೈಡರ್ ಹಾಕಿಸಿಕೊಳ್ಳುವ ಚಟವನ್ನಂತೂ ಬಿಡಬೇಕು. ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟ ಅಳತೆ. ಸ್ಲೈಡರ್ ಇದ್ದರೆ ಅದನ್ನು ಮುಟ್ಟುವುದೇ ಸಾಹಸ, ಎರಡನೇ ಚಿತ್ರಕ್ಕೆ ಕಾಯುವವರೂ ಕಡಿಮೆ.

ವರ್ಡ್‌ಪ್ರೆಸ್‌ನ ದೊಡ್ಡ ಕೊರತೆ ಬುಕಿಂಗ್. ಅದಕ್ಕೆ ಹೊರಗಿನ ಸೇವೆ ಬೇಕು, ಬಹುಪಾಲು ಜನ ಆ ಸೇವೆಯ ಚೌಕಟ್ಟನ್ನು ಐಫ್ರೇಮ್ ಆಗಿ ಪುಟದೊಳಗೆ ಅಂಟಿಸುತ್ತಾರೆ. ಅದು ತಡವಾಗಿ ತೆರೆದುಕೊಂಡು ಕೆಳಗಿದ್ದದ್ದನ್ನೆಲ್ಲ ತಳ್ಳುತ್ತದೆ, ಮೊಬೈಲ್‌ನಲ್ಲಿ ದಿನಾಂಕ ಒತ್ತಲು ಹೋದ ಬೆರಳು ಇನ್ನೆಲ್ಲೋ ಬೀಳುತ್ತದೆ. ಒಳಗೆ ಏನಾಯಿತು ಎಂಬುದು ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ಗೂ (ಜಿಎ4) ಸರಿಯಾಗಿ ಸಿಗುವುದಿಲ್ಲ. ಐಫ್ರೇಮ್ ಬದಲು ನೇರ ಲಿಂಕ್ ಕೊಟ್ಟು, ಜಿಎ4ರ ಟ್ಯಾಗ್ (ಲೆಕ್ಕ ಇಡಲು ಪುಟದಲ್ಲಿ ಹಾಕುವ ಕೋಡ್) ಸೆಟ್ಟಿಂಗ್ಸ್‌ನಲ್ಲಿ ನಿಮ್ಮದು ಮತ್ತು ಬುಕಿಂಗ್ ಸೇವೆಯದು, ಎರಡೂ ಡೊಮೇನ್ ಸೇರಿಸಿದರೆ ಯಾವ ಬರಹ ಓದಿದವರು ಬುಕ್ ಮಾಡಿದರು ಎಂಬುದು ಗೊತ್ತಾಗುತ್ತದೆ. ಬುಕಿಂಗ್ ಸೇವೆಯವರು ತಮ್ಮ ಪುಟದಲ್ಲೂ ಅದೇ ಟ್ಯಾಗ್ ಹಾಕಲು ಬಿಡುತ್ತಾರೆಯೇ ಎಂದು ಸಹಿ ಮಾಡುವ ಮೊದಲೇ ಕೇಳಿ. ಸ್ವಂತ ಸೈಟ್‌ನ ಒಳಲಿಂಕ್‌ಗಳಿಗೆ ಯುಟಿಎಂ ಬಾಲ (ಓದುಗ ಎಲ್ಲಿಂದ ಬಂದ ಎಂದು ಗುರುತಿಸಲು ವಿಳಾಸದ ಕೊನೆಗೆ ಸೇರಿಸುವ ಪದಗಳು) ಅಂಟಿಸಬೇಡಿ, ಅತಿಥಿ ಎಲ್ಲಿಂದ ಬಂದ ಎಂಬ ಲೆಕ್ಕವೇ ಕೆಡುತ್ತದೆ. ಜಿಎ4 ವಿವರವಾದ ಡೇಟಾ ಉಳಿಸುವ ಅವಧಿ ಮೊದಲಿಗೆ 2 ತಿಂಗಳಿಗೆ ಇರುತ್ತದೆ. ಸೀಸನ್ ನಂಬಿ ನಡೆಯುವ ವ್ಯವಹಾರಕ್ಕೆ ಅದು ಏನೇನೂ ಸಾಲದು, ಮೊದಲ ದಿನವೇ 14ಕ್ಕೆ ಏರಿಸಿ.

ಮುಂದೇನು ಬರೆಯಬೇಕೆಂದು ವರ್ಡ್‌ಪ್ರೆಸ್ ಹೇಳುವುದಿಲ್ಲ. ಸೈಟ್ ಯಾವ ಹುಡುಕಾಟಗಳಲ್ಲಿ ಕಾಣುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಉಚಿತವಾಗಿ ಹೇಳುತ್ತದೆ. 16 ತಿಂಗಳ ದಾಖಲೆ ಇರುವುದರಿಂದ ಈ ಸೀಸನ್ನನ್ನು ಹೋದ ಸೀಸನ್ ಜೊತೆ ಹೋಲಿಸಬಹುದು. ಪರ್ಫಾರ್ಮೆನ್ಸ್ ವರದಿ ತೆರೆದು, ಇಂಪ್ರೆಷನ್ (ಹುಡುಕಾಟದಲ್ಲಿ ಎಷ್ಟು ಸಲ ಕಂಡಿತು ಎಂಬ ಲೆಕ್ಕ) ಹೆಚ್ಚಿದ್ದು ಕ್ಲಿಕ್ ಕಡಿಮೆ ಇರುವ, ಸರಾಸರಿ ಸ್ಥಾನ 8ರಿಂದ 20ರೊಳಗಿನ ಪದಗಳನ್ನು ಆರಿಸಿ. 'ಮಳೆಯಲ್ಲಿ ಟೆಂಟ್' ಎಂದು ಹುಡುಕಿದವರಿಗೆ ನಿಮ್ಮ ನೆರಳಿನ ಪೇಜ್ ಕಾಣುತ್ತಿದ್ದರೆ, ಮಳೆಯ ಬಗ್ಗೆ ಅಲ್ಲಿ ಒಂದೇ ವಾಕ್ಯ ಇದೆ ಎಂದರ್ಥ. ಅದನ್ನು ಉಪಶೀರ್ಷಿಕೆ ಸಮೇತ ಎರಡು ಪ್ಯಾರಾ ಮಾಡಿ. ಹೇಳಲು ಅದಕ್ಕಿಂತ ಹೆಚ್ಚಿದ್ದರೆ ಬೇರೆ ಪೇಜ್ ಮಾಡಿ ಇಲ್ಲಿಂದ ಲಿಂಕ್ ಕೊಡಿ. ಪ್ರತಿ ಪೇಜ್‌ನ ಕೊನೆಗೆ ಬರೀ 'ಈಗಲೇ ಬುಕ್ ಮಾಡಿ' ಎಂಬ ಬಟನ್ ಇಡುವ ಬದಲು ಆ ಪೇಜ್‌ಗೆ ಹೊಂದುವ ಜಾಗದ ಹೆಸರು ಹಾಕಿ: 'ನೆರಳಿರುವ 7 ಮತ್ತು 9ನೇ ಜಾಗ ಖಾಲಿ ಇವೆಯೇ ನೋಡಿ.'

ತಿಂಗಳಿಗೆ ನಾಲ್ಕು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರಿಗೆ ವರ್ಡ್‌ಪ್ರೆಸ್ ಒಳ್ಳೆಯ ಆಯ್ಕೆ. ಅದರಲ್ಲಿ ಒಂದು ಗಂಟೆ ಅಪ್‌ಡೇಟ್ ಮತ್ತು ಬ್ಯಾಕಪ್‌ಗೆ ಹೋಗುತ್ತದೆ, ಪ್ಲಗಿನ್ ಹತ್ತು ದಾಟಿದರೆ ಇನ್ನೂ ಹೆಚ್ಚು. ಅಷ್ಟೂ ಆಗದವರು ಗೂಗಲ್ ಹುಡುಕಾಟ ಮತ್ತು ಮ್ಯಾಪ್‌ನಲ್ಲಿ ಕಾಣುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಫೋಟೊ, ಸಮಯ, ನಿಯಮಗಳನ್ನು ಸರಿಯಾಗಿಟ್ಟು, ಬರುವ ರಿವ್ಯೂಗಳಿಗೆ ಉತ್ತರಿಸಿಕೊಂಡಿರುವುದು ವಾಸಿ. ಎರಡು ವರ್ಷ ಅಪ್‌ಡೇಟ್ ಕಾಣದ ವರ್ಡ್‌ಪ್ರೆಸ್ ಸೈಟ್ ಹ್ಯಾಕ್ ಆಗಿ ಜೂಜಿನ ಜಾಹೀರಾತು ತೋರಿಸಲು ಶುರುಮಾಡಿದರೆ, ಸೈಟೇ ಇಲ್ಲದ್ದಕ್ಕಿಂತ ಹೆಚ್ಚು ನಷ್ಟ.