‘ಪ್ರಾಣಿ’ ಎಂದು ಕರೆಸಿಕೊಂಡವರು ಪ್ರಾಣಿಗಳ ಬಗ್ಗೆ ಬರೆದಾಗ

ಎ. ಬ್ರೀಜ್ ಹಾರ್ಪರ್ ಸಂಪಾದಿಸಿದ ‘ಸಿಸ್ಟಾ ವೀಗನ್’ 2010ರಲ್ಲಿ ಲ್ಯಾಂಟರ್ನ್ ಬುಕ್ಸ್ ಪ್ರಕಟಿಸಿದ ಸಂಕಲನ. ಮಾಂಸ, ಹಾಲು, ಮೊಟ್ಟೆಗಳನ್ನು ಬಿಟ್ಟು ಬದುಕುವ, ಅಂದರೆ ‘ವೀಗನ್’ ಆದ, ಉತ್ತರ ಅಮೆರಿಕದ ಕಪ್ಪು ಮಹಿಳೆಯರ ಪ್ರಬಂಧಗಳು, ಅನುಭವ ಕಥನಗಳು ಮತ್ತು ಕವಿತೆಗಳು ಇದರಲ್ಲಿವೆ. ‘ಸಿಸ್ಟಾ’ ಎಂಬುದು ಕಪ್ಪು ಮಹಿಳೆಯರು ತಮ್ಮೊಳಗೆ ಅಕ್ಕರೆಯಿಂದ ಬಳಸುವ ‘ಸಿಸ್ಟರ್’ ಪದದ ರೂಪ. ಪುಸ್ತಕದ ಧಾಟಿಯೂ ಅದಕ್ಕೆ ತಕ್ಕಂತೆ, ಒಬ್ಬರ ಮಾತಿಗೆ ಕಿವಿಗೊಟ್ಟು ಇನ್ನೊಬ್ಬರು ಮುಂದುವರಿಸಿದ ಹಾಗಿದೆ.

ಇದರ ಹಿನ್ನೆಲೆ ತಿಳಿದಿದ್ದರೆ ಓದು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. 2005ರಲ್ಲಿ ಪ್ರಾಣಿಹಕ್ಕುಗಳ ಸಂಘಟನೆಯಾದ ಪೇಟಾ, ಗುಲಾಮರ ಮತ್ತು ಬಿಳಿಯರು ಗುಂಪುಗೂಡಿ ನೇಣಿಗೆ ಹಾಕಿದ ಕಪ್ಪು ಜನರ ಚಿತ್ರಗಳ ಪಕ್ಕದಲ್ಲೇ ಕೊಲ್ಲಲ್ಪಟ್ಟ ಪ್ರಾಣಿಗಳ ಚಿತ್ರಗಳನ್ನಿಟ್ಟು ಅಮೆರಿಕದಲ್ಲಿ ಪ್ರದರ್ಶನ ನಡೆಸಿತು. ನಾಗರಿಕ ಹಕ್ಕುಗಳ ಹಳೆಯ ಸಂಘಟನೆ ಎನ್‌ಎಎಸಿಪಿಯವರೂ ಸೇರಿ ಅನೇಕರು ಅದನ್ನು ವಿರೋಧಿಸಿದರು. ಆಗ ಕಪ್ಪು ಜನರಿಂದ ಬಂದ ಪ್ರತಿಕ್ರಿಯೆಗಳನ್ನು ಗಮನಿಸುತ್ತಲೇ ಹಾರ್ಪರ್ ಅವರಿಗೆ ಈ ಪುಸ್ತಕದ ಯೋಚನೆ ಮೂಡಿತು.

ಒಂದು ಕಾಲಕ್ಕೆ ದನಗಳಂತೆಯೇ ಹರಾಜಿಗೆ ನಿಂತವರ ವಂಶಜರಿಗೆ ‘ಪ್ರಾಣಿಗಳಂತೆ’ ಎಂಬ ಹೋಲಿಕೆ ಹೊರಗಿನವರಿಂದ ಬಂದರೆ ಅದು ಹಳೆಯ ಬೈಗುಳವಾಗಿಯೇ ಕೇಳಿಸುತ್ತದೆ. ಅದೇ ಹೋಲಿಕೆಯನ್ನು ಆ ನೋವಿನ ವಾರಸುದಾರರೇ ಯೋಚಿಸಿ ಮುಂದಿಟ್ಟಾಗ ಅರ್ಥ ಬೇರೆಯಾಗುತ್ತದೆ. ತಾಶೀ ಮೆಡೋಸ್ ಅವರ ಬರಹ ನನ್ನನ್ನು ಅತಿ ಹೆಚ್ಚು ಕಲಕಿದ್ದು ಈ ಕಾರಣಕ್ಕೆ. ಪಶುಸಾಕಣೆಯ ಕ್ರೌರ್ಯವನ್ನು ಕಂಡಾಗ ಅವರಿಗೆ ತಮ್ಮ ಪೂರ್ವಿಕರ ಸಂಕಟ ನೆನಪಾಗುತ್ತದೆ. ಅದನ್ನು ಓದುವಾಗ ನನಗೆ ವರ್ಜೀನಿಯಾದ 1662ರ ಕಾನೂನು ಮತ್ತೆ ಮತ್ತೆ ನೆನಪಾಯಿತು. ತಂದೆ ಯಾರೇ ಆಗಿರಲಿ, ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮನೇ ಎಂದು ಅದು ವಿಧಿಸಿತ್ತು. ಹುಟ್ಟಿದ ಕರು ಹಸುವಿನ ಒಡೆಯನಿಗೇ ಸೇರುತ್ತದೆ ಎಂಬ ನಿಯಮವೇ ಹೀಗೆ ಮನುಷ್ಯರಿಗೂ ಅನ್ವಯವಾಗಿ, ಹೆಣ್ಣಿನ ಗರ್ಭ ಇನ್ನೊಬ್ಬನ ಆಸ್ತಿ ಬೆಳೆಸುವ ಸಾಧನವಾಯಿತು. ಈ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಲಿನ ಲೋಟವನ್ನು ನೋಡುವ ಹೆಣ್ಣು, ಕರುವಿನಿಂದ ಅಗಲಿಸಿದ ಹಸುವಿನ ಬಗ್ಗೆ ಮಾತನಾಡಿದರೆ ಅದನ್ನು ಅತಿಭಾವುಕತೆಯೆಂದು ತಳ್ಳಿಹಾಕಲು ಸಾಧ್ಯವಿಲ್ಲ.

ಹಾರ್ಪರ್ ಅವರ ಸ್ವಂತ ಪ್ರಬಂಧ ಪ್ರಶ್ನೆಯನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ತಟ್ಟೆಯಲ್ಲಿ ಮಾಂಸವಿಲ್ಲದಿದ್ದರೂ ಸಕ್ಕರೆ, ಕಾಫಿ, ಚಾಕೊಲೇಟ್‌ಗಳ ಹಿಂದೆ ಶೋಷಿತರ, ಅದರಲ್ಲೂ ಕಪ್ಪು ಜನರ, ದುಡಿಮೆ ಇರಬಹುದು. ಹಾಗಿದ್ದರೆ ಆ ಊಟವನ್ನು ಹಿಂಸೆಯಿಲ್ಲದ್ದು ಎಂದು ಕರೆಯುವುದು ಹೇಗೆ? ಪ್ರಾಣಿಯ ನೋವನ್ನು ಲೆಕ್ಕ ಹಾಕುವಾಗ ಕೂಲಿಯ ನೋವನ್ನು ಮರೆಯುವ ಬಿಳಿಯರ ವೀಗನ್ ಚಳವಳಿಗೆ ಇದಕ್ಕಿಂತ ನೇರವಾದ ಪ್ರಶ್ನೆ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಎಲ್ಲ ಬರಹಗಳೂ ಈ ಎತ್ತರದಲ್ಲಿಲ್ಲ. ಅಮೆರಿಕದಲ್ಲಿ ಗರ್ಭಾಶಯದ ಗಡ್ಡೆ, ಅಧಿಕ ರಕ್ತದೊತ್ತಡ, ಮಧುಮೇಹಗಳು ಕಪ್ಪು ಮಹಿಳೆಯರನ್ನು ಬಿಳಿ ಮಹಿಳೆಯರಿಗಿಂತ ಹೆಚ್ಚಾಗಿ ಬಾಧಿಸುತ್ತವೆ. ಆದ್ದರಿಂದ ಆರೋಗ್ಯದ ಮಾತು ಇಲ್ಲಿ ಪದೇ ಪದೇ ಬರುವುದು ಸಹಜವೇ. ಆದರೆ ಕೆಲವೆಡೆ ಸ್ವಂತ ಅನುಭವವೇ ಎಲ್ಲರಿಗೂ ಸಲ್ಲುವ ಚಿಕಿತ್ಸೆಯೆಂಬಂತೆ ಬರಹದ ಸ್ವರ ಏರುತ್ತದೆ. ದೇಹಶುದ್ಧಿಯ ಕುರಿತ ಮಾತುಗಳು, ಸದ್ದಿಲ್ಲದೆ, ಮಾಂಸ ತಿನ್ನುವ ಅಕ್ಕತಂಗಿಯರನ್ನು ಅಶುದ್ಧರ ಸಾಲಿಗೆ ಸೇರಿಸಿಬಿಡುತ್ತವೆ. ಜನಾಂಗಭೇದದ ವಿರುದ್ಧ ನಿಂತ ಪುಸ್ತಕದಲ್ಲಿ ಇದು ನನ್ನನ್ನು ನೋಯಿಸಿತು. ಕವಿತೆಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದವು ಕಡಿಮೆ.

ಆದರೂ ಪ್ರಾಣಿನೀತಿಯಲ್ಲಿ ಆಸಕ್ತಿಯುಳ್ಳವರು ಮೊದಲು ಕೈಗೆತ್ತಿಕೊಳ್ಳಬೇಕಾದ ಪುಸ್ತಕಗಳಲ್ಲಿ ಇದೂ ಒಂದು. ಸಂಪಾದಕಿಯ ಮುನ್ನುಡಿಯಿಂದ ನೇರವಾಗಿ ಮೆಡೋಸ್ ಅವರ ಬರಹಕ್ಕೆ ಹೋಗಿ, ಅನಂತರ ಉಳಿದವನ್ನು ಓದಬಹುದು. ಸಂಕಲನ ಎತ್ತಿ ಅರ್ಧಕ್ಕೆ ಬಿಟ್ಟ ಒಂದು ಪ್ರಶ್ನೆಯಿದೆ. ‘ಪ್ರಾಣಿ’ ಎಂಬ ಹಣೆಪಟ್ಟಿಯನ್ನೇ ಬಿಳಿಯರ ಅಧಿಕಾರ ತನಗೆ ಬೇಕಾದಂತೆ ರೂಪಿಸಿಕೊಂಡಿದ್ದರೆ, ‘ನಾವು ಪ್ರಾಣಿಗಳಲ್ಲ, ಮನುಷ್ಯರು’ ಎಂಬ ವಾದ ಸಾಕೇ? ಅದನ್ನು ಮುಂದುವರಿಸಿದವರು ಅಫ್ ಕೋ ಮತ್ತು ಸಿಲ್ ಕೋ ಸಹೋದರಿಯರು, 2017ರ ‘ಆಫ್ರೋ-ಇಸಂ’ ಪ್ರಬಂಧಗಳಲ್ಲಿ. ಅದನ್ನು ಇದರ ಜೊತೆಗಿಟ್ಟು ಓದುವವರಿಗೆ ಹೆಚ್ಚು ದಕ್ಕುತ್ತದೆ.