ನಿವೃತ್ತ ಹೆಡ್‌ಮಾಸ್ತರರು ಕೊಟ್ಟ ಮೂರು ದಿನದ ತರಬೇತಿ: ಐದಕ್ಕೆ ಮೂರೂವರೆ

ಜುಲೈ ಮಳೆಯಲ್ಲಿ ಮೂರು ಸಿಎಲ್ (ಸಾಂದರ್ಭಿಕ ರಜೆ) ಹಾಕಿ ಶಿರಸಿಗೆ ತರಬೇತಿಗೆ ಹೋಗಿದ್ದೆ. ಓಓಡಿ, ಅಂದರೆ ರಜೆ ಕಳೆಯದೆ ಕೆಲಸದ ಮೇಲೆ ಹೋದಂತೆ ಲೆಕ್ಕ ಹಿಡಿಯುವ ಅನುಮತಿ ಕೇಳಿದ್ದೆ, ಸಿಗಲಿಲ್ಲ. ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಮಾಮೂಲಿ ಶಾಲೆಯಲ್ಲೇ ಓದಿಸುವುದು ಹೇಗೆ ಅಂತ ಶಾಲಾ ಮುಖ್ಯಸ್ಥರಿಗೆ ಹೇಳಿಕೊಡುವ ತರಬೇತಿ ಅದು. ಫೀ 1,500 ರೂಪಾಯಿ, ಊಟ ಸೇರಿ. ಕಲಿಸುವವರೆಲ್ಲ ನಿವೃತ್ತ ಪ್ರಾಂಶುಪಾಲರು, ಹೆಡ್‌ಮಾಸ್ತರರು. ನಡೆಸಿದ ಸಂಸ್ಥೆಯ ಹೆಸರು ಬರೆಯುವುದಿಲ್ಲ, ಬೈಯುವುದೂ ಸ್ವಲ್ಪ ಇದೆ.

ಹೋಗಿದ್ದಕ್ಕೆ ಕಾರಣ ಇದೆ. ನಾನು ಸಿದ್ದಾಪುರ ರಸ್ತೆ ಕಡೆಯ ಒಂದು ಅನುದಾನಿತ ಪ್ರೌಢಶಾಲೆಯ ಹೆಡ್ಡು. ಎರಡು ವರ್ಷದ ಹಿಂದೆ ಒಬ್ಬ ತಂದೆ ಮಗನನ್ನು ಎಂಟನೇ ಕ್ಲಾಸಿಗೆ ಸೇರಿಸಲು ಬಂದಿದ್ದರು. ಹುಡುಗನಿಗೆ ಓದಿದ್ದು ಅರ್ಥವಾಗುತ್ತೆ, ಬರೆಯಲು ಕೈ ಓಡುವುದಿಲ್ಲ. ‘ನಮ್ಮಲ್ಲಿ ಅಂಥ ಸೌಲಭ್ಯ ಇಲ್ಲವಲ್ಲ’ ಅಂದೆ. ತುಂಬ ಮರ್ಯಾದೆಯಿಂದಲೇ ಅಂದೆ, ಕಷಾಯ ಕುಡಿಸಿ ಕಳಿಸಿದೆ.

ಮೊದಲ ದಿನ ಕುಮಟಾ ಕಡೆಯ ಒಬ್ಬರು ನಿವೃತ್ತ ಮೇಡಂ ಬಂದರು. ದೇವಿಮನೆ ಘಟ್ಟ ಹತ್ತಿಕೊಂಡು ಬಸ್ಸಲ್ಲಿ ಬಂದವರು, ಸೀರೆ ಅಂಚು ಇನ್ನೂ ಒದ್ದೆ. ಪಿಪಿಟಿ ಇಲ್ಲ. ಬಂದವರೇ ನನ್ನ ಎದುರು ಕುರ್ಚಿ ಎಳೆದು ಕೂತು, ‘ಮಾಸ್ತರೇ, ನಮ್ಮ ಹುಡುಗನ್ನ ಸೇರ್ಸ್ಕಳ್ತ್ರಾ? ಅವನಿಗೆ ಬರೆಯೂಕೆ ಬರೂದಿಲ್ಲ’ ಅಂದರು. ನಾಟಕ ಅಂತ ಗೊತ್ತು. ಆದರೂ ನನ್ನ ಬಾಯಿಂದ ಅದೇ ಮಾತು ಬಂತು: ‘ಸೌಲಭ್ಯ...’ ಹಿಂದಿನ ಬೆಂಚಲ್ಲಿ ಯಾರೋ ನಕ್ಕರು. ಮೇಡಂ ನಗಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ತೆಗೆದು 31ನೇ ಸೆಕ್ಷನ್ ನನ್ನಿಂದಲೇ ಓದಿಸಿದರು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಅಂತ ಪ್ರಮಾಣಪತ್ರ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ, ತಾನು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಆರಿಸುವುದು ಅವರು, ನಾವಲ್ಲ. ‘ಈಗ ಮತ್ತೊಮ್ಮೆ ಉತ್ತರ ಕೊಡಿ’ ಅಂದರು. ಮೂರನೇ ಸಲಕ್ಕೆ ಸರಿಯಾಗಿ ಬಂತು.

ಮಧ್ಯಾಹ್ನ ಮಳೆ ಬಿಟ್ಟಾಗ ಎಲ್ಲರನ್ನೂ ಹೊರಗೆ ಕರೆದರು. ಹಾಲ್ ಬಾಗಿಲಿಗೊಂದು ರ‍್ಯಾಂಪ್ ಇದೆ. ಗಾಲಿಕುರ್ಚಿಯಲ್ಲಿ ನನ್ನನ್ನೇ ಕೂರಿಸಿದರು (ನಾನು 82 ಕಿಲೋ, ಅದಕ್ಕೇ ಇರಬೇಕು). ಇಬ್ಬರು ತಳ್ಳಿದರು. ಅರ್ಧಕ್ಕೆ ಹೋಗುವಷ್ಟರಲ್ಲಿ ಮುಂದಿನ ಸಣ್ಣ ಗಾಲಿ ಮೇಲೆದ್ದು ನಾನು ಆಕಾಶ ನೋಡುತ್ತಿದ್ದೆ. ಆಮೇಲೆ ಟೇಪು ಹಿಡಿದು ಅಳೆದೆವು. ಮೆಟ್ಟಿಲ ಎತ್ತರ 18 ಇಂಚು, ರ‍್ಯಾಂಪ್ ಉದ್ದ ಏಳು ಅಡಿ. ಒಂದು ಇಂಚು ಏರಲು 12 ಇಂಚು ಉದ್ದ ಬೇಕು, ಅಂದರೆ ಇದಕ್ಕೆ 18 ಅಡಿ. ಈ ಲೆಕ್ಕವನ್ನು ನಾನು ಸುತ್ತೋಲೆಯಲ್ಲಿ ಓದಿ ಸಹಿ ಹಾಕಿದ್ದು ಬೇಕಾದಷ್ಟಿದೆ. ಕುರ್ಚಿಯಲ್ಲಿ ಕೂತ ಮೇಲೆ ತಲೆಗೆ ಹೋಯಿತು.

ಸಂಜೆ ಮಳೆ ಮತ್ತೆ ಶುರುವಾಯಿತು. ತಗಡಿನ ಮಾಡಿನ ಮೇಲೆ ಬೀಳುವ ಸದ್ದು ನಮಗೆ ರೂಢಿ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಅದು ತಡೆಯಲಾಗುವುದಿಲ್ಲ, ಶ್ರವಣ ಯಂತ್ರ ಹಾಕಿಕೊಂಡ ಮಗುವಿಗೆ ಆ ಗದ್ದಲದಲ್ಲಿ ಮಾಸ್ತರರ ಮಾತೇ ಕೇಳುವುದಿಲ್ಲ ಅಂದರು. ಆ ಕ್ಲಾಸನ್ನು ಮಳೆಗಾಲದ ಮಟ್ಟಿಗೆ ಹೆಂಚಿನ ಕೋಣೆಗೆ ಬದಲಿಸಿ, ದುಡ್ಡು ಬೇಡ, ಟೈಮ್‌ಟೇಬಲ್ ತಿದ್ದಿದರೆ ಸಾಕು ಅಂದರು. ಹೆಡ್ಡಾಗಿ ಶಾಲೆ ನಡೆಸಿದವರಿಗೆ ಮಾತ್ರ ಹೊಳೆಯುವ ಮಾತು ಅದು.

ಎರಡನೇ ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ದೊಡ್ಡ ಕಾಲೇಜಲ್ಲಿ ಪ್ರಾಂಶುಪಾಲರಾಗಿ ನಿವೃತ್ತರಾದವರು, ಸನ್ಮಾನದ ಶಾಲು ಹೊದ್ದೇ ಮಾತಾಡಿದರು. ಕಾಯಿದೆಯ 21 ಬಗೆಯ ವೈಕಲ್ಯಗಳ ಪಟ್ಟಿಯನ್ನು ಪರದೆ ಮೇಲೆ ಹಾಕಿ ಓದಿದರು. ನಿಮ್ಮಲ್ಲಿ ಎಷ್ಟು ಜನ ಇಂಥ ಮಕ್ಕಳು ಓದಿದ್ದರು ಸರ್ ಅಂತ ಒಬ್ಬರು ಕೇಳಿದರು. ‘ನಮ್ಮಲ್ಲಿ ಮೆರಿಟ್ ಮೇಲೆ ಸೀಟು’ ಅಂದರು! ನಾನು ಒಂದೆಲಗದ ತಂಬುಳಿಗೆ ಕಾಯುತ್ತ ಕೂತೆ. ಊಟಕ್ಕೆ ಐದಕ್ಕೆ ಐದು, ಅದರಲ್ಲಿ ತಕರಾರಿಲ್ಲ.

ಮೂರನೇ ದಿನ ಕಾಗದಪತ್ರ. ಶಾಲೆಗಳ ಮಾಹಿತಿ ತುಂಬುವ ಸರ್ಕಾರಿ ದಾಖಲೆ ಯು-ಡೈಸ್‌ನಲ್ಲಿ ಈ ಮಕ್ಕಳ ಕಾಲಂ ತುಂಬುವುದು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಬಿಆರ್‌ಸಿಯಲ್ಲಿರುವ (ಬ್ಲಾಕ್ ಮಟ್ಟದ ಶಿಕ್ಷಕರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಯನ್ನು, ಅಂದರೆ ಈ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರನ್ನು, ಬರೀ ಸಮೀಕ್ಷೆಗಲ್ಲದೆ ಮಗುವಿನ ಕಲಿಕಾ ಯೋಜನೆ ಬರೆಸಲು ಕರೆಯುವುದು, ಇವೆಲ್ಲ. ಪರೀಕ್ಷೆಯಲ್ಲಿ ಬರೆಯಲು ಸಹಾಯಕರು, ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ. ಎಸ್ಸೆಸ್ಸೆಲ್ಸಿಗೆ ಹತ್ತನೇ ಕ್ಲಾಸಿನ ಕೊನೆಯಲ್ಲಿ ಓಡಾಡಬೇಡಿ, ಎಂಟರಲ್ಲೇ ಫೈಲು ಮಾಡಿಡಿ ಅಂದರು. ನನಗೆ ಆ ಹುಡುಗ ನೆನಪಾದ.

ಕೊನೆಗೆ ಸಂಸ್ಥೆಯವರಿಗೆ ಕೇಳಿದೆ: ಕಲಿಸುವವರನ್ನು ಹೇಗೆ ಆರಿಸುತ್ತೀರಿ? ಮುಖ್ಯಸ್ಥರಾಗಿ 10 ವರ್ಷ ಆಗಿರಬೇಕು, ಒಳ್ಳೆ ಹೆಸರಿರಬೇಕು ಅಂದರು. ಏನು ಕೊಡುತ್ತೀರಿ? ಬಸ್ ಚಾರ್ಜು, ಊಟ, ಒಂದು ಶಾಲು. ಇಲ್ಲೇ ಎಡವಿದ್ದು ಅನ್ನಿಸಿತು. ಹತ್ತು ವರ್ಷ ಕುರ್ಚಿಯಲ್ಲಿ ಕೂತವರು ಜಿಲ್ಲೆಯಲ್ಲಿ ನೂರಾರು ಜನ ಇದ್ದಾರೆ. ಇಂಥ ಮಗುವನ್ನು ಸೇರಿಸಿಕೊಂಡು, ಬೇರೆ ಪೋಷಕರ ಗೊಣಗಾಟ ಕೇಳಿ, ಮಾಸ್ತರರನ್ನು ಒಪ್ಪಿಸಿ, ಹತ್ತನೇ ಕ್ಲಾಸು ದಾಟಿಸಿದವರು ಎಷ್ಟು ಜನ? ಅವರನ್ನು ಹುಡುಕಿ. ಅಂಥವರ ಶಾಲೆಯ ದಾಖಲಾತಿ ಪುಸ್ತಕ ನೋಡಿ, ಅಲ್ಲಿ ಓದಿದ ಮಗುವಿನ ಅಮ್ಮನ ಹತ್ತಿರ ಮಾತಾಡಿ. ಸಂಭಾವನೆ ಸರಿಯಾಗಿ ಕೊಡಿ, ಫೀ 2,000 ಮಾಡಿದರೂ ನಾವು ಬರುತ್ತೇವೆ.

ದಸರಾ ರಜೆಯಲ್ಲಿ ಮುಂದಿನ ಬ್ಯಾಚ್ ಇದೆಯಂತೆ. ಹೋಗುವವರು ಕುಮಟಾ ಮೇಡಂ ಇದ್ದಾರಾ ಅಂತ ಫೋನ್ ಮಾಡಿ ಕೇಳಿಕೊಂಡು ದುಡ್ಡು ಕಟ್ಟಿ. ನಮ್ಮ ಸಹಶಿಕ್ಷಕಿಯೊಬ್ಬರ ಹೆಸರು ನಾನಾಗಲೇ ಬರೆಸಿದ್ದೇನೆ.

ಶಾಲೆಗೆ ವಾಪಸ್ ಬಂದು ನಮ್ಮ ರ‍್ಯಾಂಪನ್ನೂ ಅಳೆದೆ. 14 ಇಂಚು ಎತ್ತರಕ್ಕೆ ಐದೂವರೆ ಅಡಿ. ಮಳೆ ನಿಂತ ಮೇಲೆ ಒಡೆಸಿ ಹೊಸದು ಕಟ್ಟಿಸಬೇಕು. ಉದ್ದ ಮಾಡಿದರೆ ನನ್ನ ಬೈಕ್ ನಿಲ್ಲಿಸುವ ಜಾಗ ಹೋಗುತ್ತೆ ಅಂತ ಪ್ಯೂನ್ ಹೇಳುತ್ತಿದ್ದಾನೆ.