ಬ್ಯಾಡಾದ ಕಾಲ್ ತಡಿಯಾಕ ಮೂರು ದಾರಿ, ನಾ ಹಚ್ಚಿ ನೋಡಿದ್ದು

ಸಾಲ ಬೇಕೇನ್ರಿ, ಪ್ಲಾಟ್ ಬೇಕೇನ್ರಿ, ನಿಮ್ಮ ಕ್ರೆಡಿಟ್ ಕಾರ್ಡ್ ಮಂಜೂರಾಗೇತಿ ಅಂತ ಬರೋ ಕಾಲ್ ತಡಿಯಾಕ ನಾ ಮೂರು ದಾರಿ ನೋಡೇನಿ. ಫೋನ್ನಾಗಿನ ಸೈಲೆಂಟ್ ಸೆಟ್ಟಿಂಗು, ಕಾಲ್ ಮಾಡಾವ್ರ ಹೆಸರು ತೋರ್ಸೋ ಆ್ಯಪು, ಆಮ್ಯಾಲ 1909ರ ಡಿಎನ್‌ಡಿ, ಅಂದ್ರ ಜಾಹೀರಾತಿನ ಕಾಲ್, ಮೆಸೇಜ್ ಬ್ಯಾಡ ಅಂತ ನಂಬರ್ ನೋಂದಾಯಿಸೋದು. ನಮ್ದು ವಿಜಯಪುರದ ಹತ್ರ ತಿಕೋಟಾ ಕಡೆ ದ್ರಾಕ್ಷಿ ತ್ವಾಟ, ಔಷಧ ಹೊಡಿಯೋವಾಗ ಫೋನ್ ಬಂತಂದ್ರ ಟ್ರ್ಯಾಕ್ಟರ್ ನಿಂದ್ರಿಸಿ ಕೈ ತೊಳಕೊಂಡು ಎತ್ತಬೇಕು, ಎತ್ತಿದ್ರ ರೆಕಾರ್ಡ್ ಮಾಡಿಟ್ಟ ಧ್ವನಿ ಸಾಲದ ಬಡ್ಡಿ ಹೇಳಾಕತ್ತಿರ್ತೈತಿ. ಎಷ್ಟು ಸಿಟ್ಟು ಬರ್ತೈತಿ ಅಂತ ಹೊಲದಾಗ ಕೆಲಸ ಮಾಡಿದವ್ರಿಗೆ ಗೊತ್ತು.

ಸೈಲೆಂಟ್ ಸೆಟ್ಟಿಂಗ್ ಎಲ್ಲಾಕಿಂತ ಹಗುರ. ಐಫೋನ್ನಾಗ 2019ರಿಂದ ಐತಿ, ಆಂಡ್ರಾಯ್ಡ್ ಒಳಗೂ ಕೆಲವು ಫೋನಿಗೆ ಇಂಥಾದ್ದೊಂದು ಇರ್ತೈತಿ. ನಾವು ಸೇವ್ ಮಾಡಿರದ ನಂಬರ್ ಬಂದ್ರ ರಿಂಗ್ ಆಗಂಗಿಲ್ಲ, ಸುಮ್ನ ಮಿಸ್ಡ್ ಕಾಲ್ ಪಟ್ಟ್ಯಾಗ ಕುಂದರ್ತೈತಿ. ಮೊದಲ ಭಾಳ ಆರಾಮ ಅನಿಸ್ತು ಖರೆ. ಆದ್ರ ನಮ್ಮಂಥವ್ರ ಕೆಲಸ ನಡಿಯೋದ ಗೊತ್ತಿಲ್ಲದ ನಂಬರ್ ಮ್ಯಾಲ ನೋಡ್ರಿ. ಒಣದ್ರಾಕ್ಷಿ ಹಂಗಾಮದಾಗ ತಾಸಗಾಂವ, ಸಾಂಗ್ಲಿ ಕಡಿಂದ ವ್ಯಾಪಾರಿಗೋಳು ಯಾರ್ಯಾರ ಹತ್ರಾನೋ ನಂಬರ್ ಇಸ್ಕೊಂಡು ಮಾಡ್ತಾರ, ಬಾಕ್ಸ್ ಒಯ್ಯೋ ಗಾಡಿ ಡ್ರೈವರ್ ಹಾದಿ ಕೇಳಾಕ ಮಾಡ್ತಾನ, ಚಾಟ್ನಿಗೆ, ಅಂದ್ರ ದ್ರಾಕ್ಷಿ ಬಳ್ಳಿ ಕತ್ತರಿಸಾಕ, ಬರೋ ಆಳಿನ ಮುಕಾದಮ ತನ್ನ ಫೋನ್ ಚಾರ್ಜ್ ಇಲ್ಲಂತ ಮಗ್ಗಲದವ್ರ ಫೋನಿಂದ ಮಾಡ್ತಾನ. ಸಿಲಿಂಡರ್ ತರೋ ಹುಡುಗನೂ ಹಂಗ, ವಿಜಯಪುರದ ಬಿಸಲಾಗ ಗೇಟಿನ ಮುಂದ ನಿಂತು ಕಾಲ್ ಮಾಡಿ, ಎತ್ತಲಿಲ್ಲಂತ ಹೊಳ್ಳಿ ಹೋಗ್ಯಾನ. ಬೆವರು ಸುರಿಸಿ ದುಡಿಯಾವನ್ನೂ ಸಾಲ ಮಾರಾವ್ರನ್ನೂ ಈ ಸೆಟ್ಟಿಂಗ್ ಒಂದ ತಕ್ಕಡ್ಯಾಗ ತೂಗ್ತೈತಿ, ಇದು ನನಗ ಒಟ್ಟ ಸರಿ ಕಾಣಲಿಲ್ಲ. ಈಗ ರಾತ್ರಿ ಮಲಗೋವಾಗ ಅಷ್ಟ ಹಚ್ಚತೀನಿ.

ಹೆಸರು ತೋರ್ಸೋ ಆ್ಯಪು ಇದಕ್ಕಿಂತ ಚಲೋ, ಯಾಕಂದ್ರ ಎತ್ತೋಕಿಂತ ಮೊದಲ ಸ್ಪ್ಯಾಮ್ ಅಂತ ಕೆಂಪಗ ತೋರಸ್ತೈತಿ. ಆದ್ರ ಅದು ಕಾಂಟ್ಯಾಕ್ಟ್, ಕಾಲ್ ಲಾಗ್ ಎಲ್ಲಾ ನೋಡಾಕ ಅನುಮತಿ ಕೇಳ್ತು, ನಮ್ಮ ಚಿಗವ್ವನ ನಂಬರು, ಅಕ್ಕನ ನಂಬರು ಬ್ಯಾರೆವ್ರಿಗೆ ಕೊಡಾಕ ನಾ ಯಾರು? ಮತ್ತ ಹೊಸ ಸಿಮ್ಮಿಂದ ಬಂದ ಕಾಲಿಗೆ ಯಾರೂ ಇನ್ನಾ ಸ್ಪ್ಯಾಮ್ ಅಂತ ಒತ್ತಿರಂಗಿಲ್ಲ, ಹಿಂಗಾಗಿ ಅದು ಹಂಗ ದಾಟಿ ಬರ್ತೈತಿ. ಅಪ್ಪನ ಕೀಪ್ಯಾಡ್ ಫೋನ್ನಾಗಂತೂ ಆ ಆ್ಯಪು ನಡಿಯಂಗಿಲ್ಲ. ತಗದಬಿಟ್ಟೆ.

1909 ಹಂಗಲ್ಲ, ಕೀಪ್ಯಾಡ್ ಫೋನಿಂದನೂ ಆಗ್ತೈತಿ. ಫುಲ್ಲಿ ಬ್ಲಾಕ್ ಅಂತ ಇಂಗ್ಲಿಷ್ ಅಕ್ಷರದಾಗ ಬರದು 1909ಕ್ಕ ಮೆಸೇಜ್ ಹಾಕೋದು, ಇಲ್ಲಾ ಆ ನಂಬರಿಗೆ ಕಾಲ್ ಮಾಡೋದು. ಓಟಿಪಿ ಬಂದ್ ಆಗ್ತಾವ ಅಂತ ಊರಾಗ ಭಾಳ ಮಂದಿ ಹೆದರತಾರ, ಆಗಂಗಿಲ್ಲ, ಬ್ಯಾಂಕಿಂದ ರೊಕ್ಕ ಹೋದ ಮೆಸೇಜ್, ಓಟಿಪಿ ಎಲ್ಲಾ ಮೊದಲಿನಂಗ ಬರ್ತಾವ. ಜಾಹೀರಾತಿನ ಕಾಲಿಗೆ 140ರಿಂದ ಶುರು ಆಗೋ ನಂಬರ್ ಕೊಟ್ಟಾರ, ಅವು ನನ್ನ ಫೋನಿಗೆ ಹೆಚ್ಚುಕಡಿಮಿ ನಿಂತಾವ. ನಿಲ್ಲದಿರೋದು ಸಾದಾ ಹತ್ತಂಕಿ ಮೊಬೈಲ್ ನಂಬರಿಂದ ಮಾಡೋ ಮಂದಿದು. ಅದಕ್ಕ 1909ಕ್ಕ ದೂರು ಕೊಡಬೇಕು, ಮತ್ತ ಇಲ್ಲೇ 1909 ಬಾಕಿ ಎರಡಕ್ಕಿಂತ ಮುಂದ ಐತಿ, ಯಾಕಂದ್ರ ಅವೆರಡೂ ನಮ್ಮ ಫೋನ್ನಾಗ ಅಷ್ಟ ಬಾಗಲ ಹಾಕ್ತಾವ, ಆ ಕಡೆ ಕಾಲ್ ಮಾಡಾವಗ ಏನೂ ಆಗಂಗಿಲ್ಲ. ದೂರು ಬಿದ್ರ ಅವನ ನಂಬರಿನ ಮ್ಯಾಲ ಕ್ರಮ ಆಗ್ತೈತಿ. 2025ರ ಫೆಬ್ರವರಿಯಾಗ ಟ್ರಾಯ್, ಅಂದ್ರ ಫೋನ್ ಕಂಪನಿಗೋಳ ಮ್ಯಾಲ ನಿಗಾ ಇಡೋ ಸರ್ಕಾರಿ ಸಂಸ್ಥೆ, ನಿಯಮ ತಿದ್ದಿ, ಮೊದಲ 3 ದಿನದಾಗ ಕೊಡಬೇಕಿದ್ದ ದೂರನ್ನ 7 ದಿನಕ್ಕ ಹೆಚ್ಚಿಸೇತಿ, ಫೋನ್ ಕಂಪನಿ ಕ್ರಮ ತಗೊಳ್ಳಾಕ ಇದ್ದ 30 ದಿನಾ 5ಕ್ಕ ಇಳಿಸೇತಿ, ಡಿಎನ್‌ಡಿ ಮಾಡಿಸದವ್ರೂ ದೂರು ಕೊಡಬಹುದು.

ಕಾಲ್ ಪೂರಾ ನಿಂತಿಲ್ಲ, ಆದ್ರ ಔಷಧ ಹೊಡಿಯೋವಾಗ ಟ್ರ್ಯಾಕ್ಟರ್ ನಿಂದ್ರಸೋದು ಭಾಳ ಕಡಿಮಿ ಆಗೇತಿ. ಅಪ್ಪನ ಫೋನಿಗೂ, ಅವ್ವನ ಫೋನಿಗೂ ನಾನ ಮಾಡಿಸಿಕೊಟ್ಟೇನಿ. ಒಂದು ಮಾತ್ರ ನೆನಪಿಡ್ರಿ, ಪೊಲೀಸ್ ಅಂತ ಹೆದರಿಸಿ ರೊಕ್ಕ ಕಿತ್ತೋ ಕಾಲಿಗೆ 1909 ಅಲ್ಲ, ರೊಕ್ಕ ಹೋಗಿತ್ತಂದ್ರ ತಡ ಮಾಡದ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಹಚ್ಚರಿ, ಹೋಗಿಲ್ಲಂದ್ರ ಸರ್ಕಾರದ ಸಂಚಾರ ಸಾಥಿ ವೆಬ್‌ಸೈಟಿನ್ಯಾಗ ಮೋಸದ ಕಾಲ್ ತಿಳಸೋ ಚಕ್ಷು ಅನ್ನೋದ್ರಾಗ ತಿಳಸ್ರಿ. ಜಾಹೀರಾತಿನ ಕಾಲಿನ ದೂರಿಗೆ, ಅವ್ರು ಏನು ಮಾರಾಕತ್ತಿದ್ರು, ಯಾವ ನಂಬರು, ಯಾವ ತಾರೀಖು, ಮೂರೂ ಬರದು 1909ಕ್ಕ ಕಳಸ್ರಿ.